ದತ್ತಿಯ ಲೆಕ್ಕ: ರೋಟರಿ ಪ್ರತಿಷ್ಠಾನದ ಶತಮಾನ, ಬಸ್ತಿಹಳ್ಳಿಯಿಂದ ಕಂಡಂತೆ

1133: ಕಲ್ಲಿನ ಮೇಲಿನ ಪತ್ರ

ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಗುಡಿಯನ್ನು ನೋಡಿ ಕಣ್ಣು ದಣಿದ ಯಾತ್ರಿಕನು ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದನೆಂದರೆ ಬಸ್ತಿಹಳ್ಳಿಯನ್ನು ಸೇರುತ್ತಾನೆ. ಅಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಎಂಬ ಮೂರು ಬಸದಿಗಳು ಒಂದರ ಮಗ್ಗುಲಲ್ಲೊಂದು ನಿಂತಿವೆ. ಹೊರಗೋಡೆಯ ಮೇಲೆ ಹೇಳಿಕೊಳ್ಳುವಂತಹ ಅಲಂಕಾರವಿಲ್ಲ. ಆದರೆ ಪಾರ್ಶ್ವನಾಥನ ನವರಂಗಕ್ಕೆ ಕಾಲಿಟ್ಟವನು ಅಲ್ಲಿಯ ಕಂಬಗಳ ಮುಂದೆ ತಾನಾಗಿಯೇ ನಿಲ್ಲುತ್ತಾನೆ. ಅವನ್ನು ಕಡೆದು ನಯಮಾಡಿದ ಕೈ ಎಂತಹುದೋ, ಇಷ್ಟು ಶತಮಾನಗಳಾಚೆಗೂ ಆ ಕಲ್ಲಿನಲ್ಲಿ ಎದುರು ನಿಂತವನ ಮುಖ ಮೂಡುತ್ತದೆ.

ಈ ಬಸದಿಯನ್ನು ಕಟ್ಟಿಸಿದವನು ವಿಷ್ಣುವರ್ಧನನ ದಂಡನಾಯಕನಾಗಿದ್ದ ಗಂಗರಾಜನ ಮಗ ಬೊಪ್ಪದೇವ. 1133ರಲ್ಲಿ, ತೀರಿಕೊಂಡ ತಂದೆಯ ನೆನಪಿಗಾಗಿ ಇದನ್ನು ಎತ್ತಿಸಿ, ತಂದೆಯ ಬಿರುದಿನಿಂದಲೇ ದ್ರೋಹಘರಟ್ಟ ಜಿನಾಲಯವೆಂದು ಹೆಸರಿಟ್ಟನು. ಪ್ರತಿಷ್ಠೆಯ ಶೇಷೆಯನ್ನು ಅರ್ಚಕರು ಬಂಕಾಪುರದಲ್ಲಿದ್ದ ಅರಸನಲ್ಲಿಗೆ ಕೊಂಡೊಯ್ದಾಗ, ಅವನಿಗೆ ಯುದ್ಧದಲ್ಲಿ ಜಯವೂ ಮನೆಯಲ್ಲಿ ಪುತ್ರೋತ್ಸವವೂ ಒಟ್ಟಿಗೆ ಒದಗಿದ್ದುವೆಂದೂ, ಆ ಸಂತೋಷದಲ್ಲಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು ಜಾವಗಲ್ಲನ್ನು ದತ್ತಿಯಾಗಿ ಬಿಟ್ಟನೆಂದೂ ಶಾಸನ ಹೇಳುತ್ತದೆ. ಅರಸೀಕೆರೆಯಿಂದ ಹಳೇಬೀಡಿಗೆ ಬರುವ ಬಸ್ಸು ಇಂದಿಗೂ ಆ ಜಾವಗಲ್ಲಿನ ಮೇಲೆಯೇ ಬರುತ್ತದೆ.

ಹೊಯ್ಸಳರ ಕಾಲದ ದತ್ತಿ ಶಾಸನಗಳನ್ನು ಭಕ್ತಿಯ ದಾಖಲೆಗಳೆಂದು ಮಾತ್ರ ಓದುವುದು ರೂಢಿ. ಲೆಕ್ಕ ಬರೆಯುವ ಅಭ್ಯಾಸವಿರುವವನ ಕಣ್ಣಿಗೆ ಅವು ಬೇರೆ ಬಗೆಯಾಗಿ ಕಾಣುತ್ತವೆ. ಕೊಟ್ಟವನು ಯಾರು, ಕೊಟ್ಟದ್ದು ಏನು, ಅದರ ಚತುಸ್ಸೀಮೆ ಯಾವುದು, ಧಾರೆಯೆರೆದದ್ದು ಯಾರ ಕೈಗೆ, ಯಾವ ಯಾವ ವೆಚ್ಚಕ್ಕೆ ಅದು ಸಲ್ಲಬೇಕು ಎಂಬುದೆಲ್ಲ ಅಲ್ಲಿ ಸ್ಪಷ್ಟವಾಗಿರುತ್ತದೆ. ಪೂಜೆಗೆ ಇಷ್ಟು, ಋಷಿಯರ ಆಹಾರದಾನಕ್ಕೆ ಇಷ್ಟು ಎನ್ನುವುದರ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಒಂದು ಬಾಬೂ ತಪ್ಪದೆ ಬರುತ್ತದೆ. ಎಂದರೆ, ಒಡೆದುದನ್ನು ಬಿರುಕುಬಿಟ್ಟುದನ್ನು ಸರಿಪಡಿಸುವುದಕ್ಕೆ ಕಟ್ಟಿಸುವ ದಿನವೇ ಹಣ ತೆಗೆದಿರಿಸುವುದು. ಕೊನೆಯಲ್ಲಿ, ಸ್ವತಃ ಕೊಡುವುದಕ್ಕಿಂತ ಇತರರು ಕೊಟ್ಟುದನ್ನು ಪಾಲಿಸುವುದು ಮೇಲೆಂಬ ಅರ್ಥದ ಶ್ಲೋಕವೂ, ಅಪಹರಿಸಿದವನಿಗೆ ಶಾಪವೂ ಇರುತ್ತವೆ. 1902ರಲ್ಲಿ ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 5ನೆಯ ಸಂಪುಟವಾಗಿ ಅಚ್ಚುಹಾಕಿಸಿದಾಗ, ನಮ್ಮ ಸೀಮೆಯ ಇಂತಹ ನೂರಾರು ಪತ್ರಗಳು ಮತ್ತೆ ಬೆಳಕಿಗೆ ಬಂದುವು.

ರೋಟರಿ ಪ್ರತಿಷ್ಠಾನದ ದತ್ತಿ ನಿಧಿಯನ್ನು ಕುರಿತು ಬರೆಯಿರಿ ಎಂದು ಈ ಸ್ಮರಣ ಸಂಚಿಕೆಯ ಸಂಪಾದಕರು ಆಜ್ಞಾಪಿಸಿದಾಗ, ಬಸ್ತಿಹಳ್ಳಿಯ ಕಲ್ಲೇ ನನಗೆ ಮೊದಲು ನೆನಪಾದದ್ದು ಆಶ್ಚರ್ಯವಲ್ಲ. ಬೇಲೂರು, ಹಳೇಬೀಡು, ಅರಸೀಕೆರೆಗಳ ಸೇವಾಸಂಘಗಳಲ್ಲಿ ಓಡಾಡಿದ ನನ್ನಂಥವನಿಗೆ, ದೂರದ ಚಿಕಾಗೋದಲ್ಲಿ ಹುಟ್ಟಿದ ಒಂದು ವ್ಯವಸ್ಥೆಯ ಒಳತಿರುಳು ಮನಸ್ಸಿಗೆ ಹತ್ತಿದ್ದು ಈ ಬಸದಿಯ ಅಂಗಳದಲ್ಲಿ.

1905–1917: ಚಿಕಾಗೋ, ಅಟ್ಲಾಂಟ

1905ನೆಯ ಫೆಬ್ರವರಿ 23ರ ಸಂಜೆ, ಚಿಕಾಗೋ ನಗರದ ಯೂನಿಟಿ ಕಟ್ಟಡದ 711ನೆಯ ಕೋಣೆಯಲ್ಲಿ ನಾಲ್ವರು ಕೂಡಿದರು: ಪಾಲ್ ಹ್ಯಾರಿಸ್ ಎಂಬ ವಕೀಲ, ಒಬ್ಬ ಗಣಿ ಎಂಜಿನಿಯರು, ಒಬ್ಬ ಕಲ್ಲಿದ್ದಲ ವ್ಯಾಪಾರಿ, ಒಬ್ಬ ದರ್ಜಿ. ಹಳ್ಳಿಯಲ್ಲಿ ಬೆಳೆದು ಮಹಾನಗರದಲ್ಲಿ ಒಂಟಿಯಾಗಿದ್ದ ಹ್ಯಾರಿಸ್ಸನಿಗೆ ಬೇಕಾಗಿದ್ದುದು ಸ್ನೇಹ. ಸಭೆಗಳು ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯ ಮೇಲೆ ನಡೆಯುತ್ತಿದ್ದುದರಿಂದ ಸಂಘಕ್ಕೆ ರೋಟರಿ ಎಂಬ ಹೆಸರು ನಿಂತಿತು. ಸ್ನೇಹಕ್ಕಾಗಿ ಕೂಡಿದವರು ಲೋಕೋಪಕಾರಕ್ಕೆ ತಿರುಗಿದ್ದು ಎರಡು ವರ್ಷಗಳ ತರುವಾಯ; ಅವರು ಮೊದಲು ಕೈಹಾಕಿದ ಸಾರ್ವಜನಿಕ ಕೆಲಸ ನಗರದ ನಡುವೆ ಒಂದು ಸಾರ್ವಜನಿಕ ಶೌಚಾಲಯವಾಗಬೇಕೆಂಬ ಪ್ರಯತ್ನ. ನಮ್ಮ ಕಡೆಯ ಪ್ರೌಢಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲವೆಂದು ಸಂಘದ ಸಭೆಗಳಲ್ಲಿ ಚರ್ಚೆ ನಡೆದಾಗಲೆಲ್ಲ, ಮೂಲಪುರುಷರು ಹಿಡಿದ ದಾರಿಯಲ್ಲೇ ಇದ್ದೇವಲ್ಲ ಎಂದು ನನಗೆ ಸಮಾಧಾನವಾಗಿದೆ.

ಹಣದ ವಿಚಾರವನ್ನು ಎತ್ತಿದವನು ಆರ್ಚ್ ಕ್ಲಂಫ್. ಕ್ಲೀವ್‌ಲ್ಯಾಂಡಿನವನು, ಮರದ ವ್ಯಾಪಾರದ ಕಂಪೆನಿಯೊಂದಕ್ಕೆ ಆಫೀಸಿನ ಹುಡುಗನಾಗಿ ಸೇರಿ, ಕ್ರಮೇಣ ಅದರ ಒಡೆಯನೇ ಆದವನು. 1917ರಲ್ಲಿ ಅಟ್ಲಾಂಟದಲ್ಲಿ ನಡೆದ ಮಹಾಸಮ್ಮೇಳನದಲ್ಲಿ, ಅಧ್ಯಕ್ಷ ಪದವಿಯಿಂದ ಇಳಿಯುತ್ತಿದ್ದ ಅವನು, ಲೋಕದಲ್ಲಿ ಒಳ್ಳೆಯದನ್ನು ಮಾಡುವುದಕ್ಕಾಗಿ ರೋಟರಿ ಒಂದು ಶಾಶ್ವತ ನಿಧಿಯನ್ನು ಹೊಂದಬೇಕೆಂದು ಸೂಚಿಸಿದನು. ಮೊದಲನೆಯ ಮಹಾಯುದ್ಧದ ನಡುವೆ, ನಾಳೆಯೇನೆಂದು ಯಾರಿಗೂ ತಿಳಿಯದ ಹೊತ್ತಿನಲ್ಲಿ ಶಾಶ್ವತವೆಂಬ ಮಾತನ್ನಾಡುವುದಕ್ಕೆ ಒಂದು ಬಗೆಯ ಧೈರ್ಯ ಬೇಕಾಗಿತ್ತು. ಕೇಳಿದವರು ಚಪ್ಪಾಳೆ ತಟ್ಟಿರಬಹುದು, ಹಣವನ್ನಂತೂ ಕೊಡಲಿಲ್ಲ.

1918–1947: 26 ಡಾಲರು 50 ಸೆಂಟು

ಮರುವರ್ಷ ಕ್ಯಾನ್ಸಸ್ ಸಿಟಿಯ ಸಂಘ ಸಮ್ಮೇಳನದ ಖರ್ಚು ಕಳೆದು ಉಳಿದ 26 ಡಾಲರು 50 ಸೆಂಟುಗಳನ್ನು ಕಳುಹಿಸಿತು. ಅದು ನಿಧಿಗೆ ಬಂದ ಮೊದಲನೆಯ ಕಾಣಿಕೆ. ಆ ಐವತ್ತು ಸೆಂಟು ನನಗೆ ಬಹು ಪ್ರಿಯವಾದುದು. ಯಾರೋ ಒಬ್ಬ ಖಜಾಂಚಿ ಜಮಾಖರ್ಚನ್ನು ಕಡೆಯ ಕಾಸಿನವರೆಗೆ ತಾಳೆ ನೋಡಿ, ಮಿಕ್ಕಿದ್ದು ಇಷ್ಟು, ಇದು ನಮ್ಮದಲ್ಲ ಎಂದು ಬರೆದು ಕಳುಹಿಸಿದ್ದರಿಂದಲ್ಲವೆ ಆ ಅರ್ಧ ಡಾಲರು ಚರಿತ್ರೆಯಲ್ಲಿ ಉಳಿದುಕೊಂಡದ್ದು!

ಮುಂದಿನ ಹತ್ತು ವರ್ಷ ನಿಧಿ ಬೆಳೆದದ್ದು ಬಲು ನಿಧಾನವಾಗಿ. ಆರು ವರ್ಷಗಳಾದರೂ ಅದು 700 ಡಾಲರುಗಳ ಸುಮಾರಿನಲ್ಲಿಯೇ ಇದ್ದಿತು. ಈ ಮಂದಗತಿಗೆ ಕಾರಣ ಜಿಪುಣತನವೆಂದು ಹೇಳಲಾಗದು. ಸಂಘವಿರುವುದು ಸದಸ್ಯನ ಸ್ವಭಾವವನ್ನು ತಿದ್ದುವುದಕ್ಕೋ, ಹಣ ಕೂಡಿಸಿ ಊರಿನ ಕೊರತೆಗಳನ್ನು ತುಂಬುವುದಕ್ಕೋ ಎಂಬ ಪ್ರಶ್ನೆಯಲ್ಲಿ ಅಂದಿನ ಹಿರಿಯರು ಭಿನ್ನಾಭಿಪ್ರಾಯ ತಾಳಿದ್ದರು; ಇಬ್ಬರ ಮಾತಿನಲ್ಲಿಯೂ ಹುರುಳಿತ್ತು. 1923ರಲ್ಲಿ ಸೇಂಟ್ ಲೂಯಿಸ್ ಸಮ್ಮೇಳನ ಅಂಗೀಕರಿಸಿದ 34ನೆಯ ನಿರ್ಣಯ ಈ ಎರಡನ್ನೂ ಒಂದು ಸೂತ್ರಕ್ಕೆ ತಂದಿತು: ಸೇವೆಯ ಭಾವನೆ ಕೃತಿಯಾಗಿ ಹೊರಬರಬೇಕು, ಯಾವ ಕೃತಿಯೆಂಬುದನ್ನು ಆಯಾ ಊರಿನ ಸಂಘವೇ ನಿಶ್ಚಯಿಸಬೇಕು. ಇಂದಿಗೂ ಅನುದಾನದ ಅರ್ಜಿಯನ್ನು ಮೇಲಿನವರು ಬರೆದು ಕಳುಹಿಸುವುದಿಲ್ಲ, ಊರಿನವರೇ ಬರೆಯಬೇಕು; ಅದರ ಬೇರು ಈ ನಿರ್ಣಯದಲ್ಲಿದೆ.

1928ರ ಮಿನಿಯಾಪೊಲಿಸ್ ಸಮ್ಮೇಳನದಲ್ಲಿ ನಿಧಿಗೆ ರೋಟರಿ ಪ್ರತಿಷ್ಠಾನವೆಂಬ ಹೆಸರೂ ಐವರು ಧರ್ಮದರ್ಶಿಗಳೂ ಬಂದರು. ಸಂಘದ ಹಣ ಬೇರೆ, ಪ್ರತಿಷ್ಠಾನದ ಹಣ ಬೇರೆ ಎಂಬ ಗೋಡೆ ಎದ್ದುದು ಆಗ. ಈ ಇತಿಹಾಸದಲ್ಲಿ ಕಟ್ಟಡವೆಂದು ಹೆಸರಿಸಬಹುದಾದುದು ಏನಾದರೂ ಇದ್ದರೆ, ಕಣ್ಣಿಗೆ ಕಾಣದ ಈ ಗೋಡೆಯೇ ಅದರಲ್ಲಿ ಮೊದಲನೆಯದು. 1930ರಲ್ಲಿ ಮೊದಲ ಅನುದಾನವಾಗಿ 500 ಡಾಲರುಗಳು ಅಂಗವಿಕಲ ಮಕ್ಕಳ ಸೇವೆಗಾಗಿ ದುಡಿಯುತ್ತಿದ್ದ ಒಂದು ಅಂತರರಾಷ್ಟ್ರೀಯ ಸಂಸ್ಥೆಗೆ ಸಂದುವು. ಆರ್ಥಿಕ ಕುಸಿತವೂ ಎರಡನೆಯ ಮಹಾಯುದ್ಧವೂ ಬಂದು, ಮುಂದಿನ ಕಾಲ ದುರ್ಭರವಾಯಿತು.

ಭಾರತಕ್ಕೆ ರೋಟರಿ ಬಂದದ್ದು ಕಲ್ಕತ್ತೆಯ ಮೂಲಕ, 1919–20ರಲ್ಲಿ. ಬೆಂಗಳೂರಿನ ಸಂಘ 1934ರದು. ಅಲ್ಲಿಂದ ಜಿಲ್ಲಾ ಕೇಂದ್ರಗಳಿಗೆ, ಬಳಿಕ ತಾಲ್ಲೂಕು ಊರುಗಳಿಗೆ ಅದು ಹಬ್ಬಿದ್ದು ಸ್ವಾತಂತ್ರ್ಯಾನಂತರದ ಮಾತು. ವೈದ್ಯರು, ವಕೀಲರು, ಕಾಫಿ ಬೆಳೆಗಾರರು, ಕೊಬ್ಬರಿ ಮಂಡಿಯವರು, ಮೇಷ್ಟರುಗಳು ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುವುದೆಂಬುದೇ ಆಗ ನಮ್ಮ ಸಣ್ಣ ಊರುಗಳಿಗೆ ಹೊಸದಾಗಿತ್ತು. 1962–63ರಲ್ಲಿ ಕಲ್ಕತ್ತೆಯ ನಿತೀಶ್ ಲಾಹರಿಯವರು ಅಂತರರಾಷ್ಟ್ರೀಯ ಅಧ್ಯಕ್ಷರಾದುದು, ಏಷ್ಯದವರೊಬ್ಬರಿಗೆ ಆ ಪೀಠ ದೊರೆತ ಮೊದಲನೆಯ ಸಂದರ್ಭ.

1947–1985: ಒಂದಕ್ಕೆ ಒಂದು ಕೂಡಿಸಿ

1947ನೆಯ ಜನವರಿ 27ರಂದು ಪಾಲ್ ಹ್ಯಾರಿಸ್ ತೀರಿಕೊಂಡನು. ಅವನ ನೆನಪಿಗೆಂದು ಮುಂದಿನ ಹದಿನೆಂಟು ತಿಂಗಳಲ್ಲಿ ಪ್ರತಿಷ್ಠಾನಕ್ಕೆ ಹರಿದುಬಂದ ಮೊತ್ತ 13 ಲಕ್ಷ ಡಾಲರು. ತಂದೆಯ ನೆನಪಿಗೆ ಬೊಪ್ಪದೇವನು ಮಾಡಿದ ಕೆಲಸವನ್ನು ಇಲ್ಲಿ ಸಹಸ್ರಾರು ಮಂದಿ ಕೂಡಿ ಮಾಡಿದರೆಂದು ನಾನು ಭಾವಿಸುತ್ತೇನೆ. ಆ ವರ್ಷವೇ 18 ಮಂದಿ ವಿದ್ಯಾರ್ಥಿಗಳು ಪರದೇಶದಲ್ಲಿ ಓದುವುದಕ್ಕೆ ವಿದ್ಯಾರ್ಥಿವೇತನ ಪಡೆದರು.

ನಮ್ಮಂತಹ ಊರುಗಳಿಗೆ ನಿಜವಾಗಿ ಬಾಗಿಲು ತೆರೆದದ್ದು 1965ರಲ್ಲಿ ಆರಂಭವಾದ ಮ್ಯಾಚಿಂಗ್ ಗ್ರಾಂಟು. ಇಲ್ಲಿಯ ಒಂದು ಸಂಘವೂ ಹೊರದೇಶದ ಒಂದು ಸಂಘವೂ ಸೇರಿ ಹಣ ಹಾಕಿದರೆ, ಪ್ರತಿಷ್ಠಾನ ಅದಕ್ಕೆ ತನ್ನದನ್ನು ಸೇರಿಸುವುದು. ಸೂತ್ರ ಇಷ್ಟೇ ಸರಳ. ಎಂದೂ ಮುಖ ನೋಡದ ಇಬ್ಬರು ಖಜಾಂಚಿಗಳ ನಡುವೆ ಸಾಗರದಾಚೆಯಿಂದ ಪತ್ರವ್ಯವಹಾರ ಸಾಗಿ, ಆಸ್ಪತ್ರೆಯ ಹಾಸಿಗೆಗಳೂ ಕಣ್ಣಿನ ಶಸ್ತ್ರಚಿಕಿತ್ಸೆಯ ಉಪಕರಣಗಳೂ ಬರತೊಡಗಿದುವು. 1978ರಲ್ಲಿ ಆರೋಗ್ಯ, ಹಸಿವು, ಮಾನವೀಯತೆ ಎಂಬ ಮೂರು ಮಾತುಗಳನ್ನು ಹೆಸರಿನಲ್ಲಿಟ್ಟುಕೊಂಡ ದೊಡ್ಡ ಅನುದಾನಗಳು ಬಂದುವು. ಅವುಗಳಲ್ಲಿ ಮೊದಲನೆಯದು ಫಿಲಿಪ್ಪೀನ್ಸಿನ 60 ಲಕ್ಷ ಮಕ್ಕಳಿಗೆ ಪೋಲಿಯೋ ಲಸಿಕೆಗಾಗಿ ಸಂದಿತು.

ಇದೇ ಅವಧಿಯಲ್ಲಿ ಹೊರಗಿನಿಂದ ಬರುವ ಹಣದ ಮೇಲೆ ನಮ್ಮ ಸರ್ಕಾರದ ಕಣ್ಣೂ ಬಿದ್ದಿತು. 1976ರ ವಿದೇಶೀ ವಂತಿಗೆ ಕಾಯಿದೆ, ಅದರ ಸ್ಥಾನದಲ್ಲಿ 2010ರ ಕಾಯಿದೆ, 2020ರ ತಿದ್ದುಪಡಿ ಎಂದು ನಿಯಮಗಳು ಬಿಗಿಯಾಗುತ್ತ ಬಂದುವು. ಈಗ ಹೊರದೇಶದ ವಂತಿಗೆ ಪಡೆಯುವ ಪ್ರತಿಯೊಂದು ಸಂಸ್ಥೆಯೂ ದೆಹಲಿಯ ಸಂಸತ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿಯೇ ಖಾತೆ ತೆರೆದು, ಹಣವನ್ನು ಮೊದಲು ಅಲ್ಲಿ ಇಳಿಸಿಕೊಳ್ಳಬೇಕು. ತಾಲ್ಲೂಕು ಮಟ್ಟದ ಸಂಘಗಳಿಗೆ ಇದರಿಂದ ಕಷ್ಟವಾದದ್ದು ನಿಜ. ಹಣ ಎಲ್ಲಿಂದ ಬಂದಿತೆಂದು ಕೇಳುವ ಅಧಿಕಾರ ರಾಜ್ಯಕ್ಕಿದೆಯೆಂಬುದೂ ನಿಜ.

1985–2014: ಎರಡು ಹನಿ

1985ರಲ್ಲಿ ಪ್ರತಿಷ್ಠಾನ ತನ್ನ ಇತಿಹಾಸದ ಅತಿ ದೊಡ್ಡ ಸಂಕಲ್ಪವನ್ನು ಕೈಗೊಂಡಿತು. ಪೋಲಿಯೋ ರೋಗವನ್ನು ಭೂಮಿಯಿಂದ ತೊಲಗಿಸಬೇಕೆಂಬ ಪೋಲಿಯೋ ಪ್ಲಸ್ ಯೋಜನೆಗೆ 12 ಕೋಟಿ ಡಾಲರು ಬೇಕೆಂದು ಬೇಡಲಾಗಿ, 1988ರ ವೇಳೆಗೆ 24 ಕೋಟಿ 70 ಲಕ್ಷ ಡಾಲರು ಕೂಡಿತು. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಇತರ ಸಂಸ್ಥೆಗಳೂ ಜೊತೆಗೂಡಿದಾಗ, 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ 50 ಸಾವಿರ ಮಕ್ಕಳು ಈ ರೋಗಕ್ಕೆ ತುತ್ತಾಗುತ್ತಿದ್ದರು.

ನಮ್ಮ ದೇಶದಲ್ಲಿ 1995ರಲ್ಲಿ ಪಲ್ಸ್ ಪೋಲಿಯೋ ಆರಂಭವಾದ ಮೇಲೆ, ಆ ಭಾನುವಾರಗಳನ್ನು ಕಂಡವರಾರೂ ಮರೆಯಲಾರರು. ಬೆಳಗಿನ ಜಾವ ಲಸಿಕೆಯ ಡಬ್ಬ ಬರುವುದು, ಅಂಗನವಾಡಿಯ ಅಕ್ಕನವರು ಮಂಜುಗಡ್ಡೆಯನ್ನು ಮುಟ್ಟಿ ನೋಡುವುದು, ತಾಯಂದಿರು ಕಂಕುಳ ಕೂಸಿನ ಬಾಯನ್ನು ಮೆಲ್ಲಗೆ ಒತ್ತಿ ತೆರೆಯುವುದು, ಎರಡು ಹನಿ ಬಿದ್ದ ಕೂಡಲೇ ಎಡಗೈಯ ಕಿರುಬೆರಳಿನ ಉಗುರಿಗೆ ಮಸಿಯ ಗುರುತು. ಅರಸೀಕೆರೆಯಂತಹ ಜಂಕ್ಷನ್ನಿನಲ್ಲಿ, ಅತ್ತ ಹುಬ್ಬಳ್ಳಿಯ ಕಡೆಗೂ ಇತ್ತ ಬೆಂಗಳೂರಿನ ಕಡೆಗೂ ಹೋಗುವ ಗಾಡಿಗಳಲ್ಲಿ ಯಾವ ಊರಿನದೆಂದು ತಿಳಿಯದ ಮಗುವಿನ ಬೆರಳನ್ನು ಹಿಡಿದು ನೋಡುವಾಗ, ಕ್ಯಾನ್ಸಸ್ ಸಿಟಿಯ ಆ ಐವತ್ತು ಸೆಂಟು ಎಲ್ಲಿಂದ ಎಲ್ಲಿಗೆ ಬಂದಿತೆಂಬುದು ಮನಸ್ಸಿಗೆ ಹೊಳೆಯುತ್ತದೆ. ಭಾರತದ ಕಡೆಯ ಪ್ರಕರಣ ಕಂಡುಬಂದದ್ದು 2011ನೆಯ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ನೆಯ ಮಾರ್ಚ್ 27ರಂದು ನಮ್ಮ ದೇಶವನ್ನೊಳಗೊಂಡ ಆಗ್ನೇಯ ಏಷ್ಯ ವಲಯ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಈ ನಡುವೆ, 1989ರಲ್ಲಿ, ರೋಟರಿಯ ಬಾಗಿಲು ಸ್ತ್ರೀಯರಿಗೂ ತೆರೆದಿತ್ತು. ಬಹಳ ತಡವಾಗಿ ಎನ್ನದೆ ವಿಧಿಯಿಲ್ಲ. ಲೆಕ್ಕಪತ್ರಗಳ ಅಚ್ಚುಕಟ್ಟಿಗೂ ಶಾಲೆ ಆಸ್ಪತ್ರೆಗಳ ಕೆಲಸಗಳ ಆಯ್ಕೆಗೂ ಅವರಿಂದಾದ ಉಪಕಾರ ಸಣ್ಣದಲ್ಲ.

2013ರಿಂದ ಈಚೆಗೆ: ಹೊಸ ಪದ್ಧತಿ

ಮ್ಯಾಚಿಂಗ್ ಗ್ರಾಂಟುಗಳ ಸಂಖ್ಯೆ ಬೆಳೆದಂತೆಲ್ಲ ಅವುಗಳ ಕಾಗದಪತ್ರವೂ ಬೆಟ್ಟದಂತೆ ಬೆಳೆಯಿತು. ಸಣ್ಣ ಸಣ್ಣ ಮೊತ್ತಗಳು ಹಲವು ಕಡೆ ಹಂಚಿಹೋಗಿ, ಕೆಲವೆಡೆ ವರದಿಗಳು ಕಾಲಕ್ಕೆ ಸರಿಯಾಗಿ ತಲಪದೆ, ಕೊಟ್ಟವರಿಗೂ ಪಡೆದವರಿಗೂ ಕೊಂಚ ಮನಸ್ತಾಪವುಂಟಾದ ಸಂದರ್ಭಗಳೂ ಇದ್ದುವು. ಅವನ್ನು ಇಲ್ಲಿ ಕೆದಕುವ ಅಗತ್ಯವಿಲ್ಲ. ಅನುಭವದಿಂದ ಕಲಿತದ್ದು ಹೊಸ ನಿಯಮವಾಯಿತೆಂದರೆ ಸಾಕು. ಮೂರು ವರ್ಷ ಕೆಲವು ಜಿಲ್ಲೆಗಳಲ್ಲಿ ಪರೀಕ್ಷಿಸಿ, 2013ನೆಯ ಜುಲೈ 1ರಿಂದ ಎಲ್ಲೆಡೆಯೂ ಜಾರಿಗೆ ತಂದ ಪದ್ಧತಿಯಲ್ಲಿ ಡಿಸ್ಟ್ರಿಕ್ಟ್ ಗ್ರಾಂಟ್, ಗ್ಲೋಬಲ್ ಗ್ರಾಂಟ್ ಎಂದು ಎರಡು ಮುಖ್ಯ ವಿಧಗಳು. ಮೊದಲನೆಯದು ಊರಿನ ಚಿಕ್ಕ ಕೆಲಸಗಳಿಗೆ. ಎರಡನೆಯದು ಕನಿಷ್ಠ 30,000 ಡಾಲರುಗಳ, ಎರಡು ದೇಶಗಳ ಸಂಘಗಳು ಕೈಜೋಡಿಸಿದ, ಬಹುಕಾಲ ಬಾಳಬೇಕಾದ ಕೆಲಸಗಳಿಗೆ. ಶಾಂತಿ, ರೋಗನಿವಾರಣೆ, ನೀರು ಮತ್ತು ನೈರ್ಮಲ್ಯ, ತಾಯಿ ಮಕ್ಕಳ ಆರೋಗ್ಯ, ವಿದ್ಯೆ, ಆರ್ಥಿಕಾಭಿವೃದ್ಧಿ ಎಂಬ ಆರು ಕ್ಷೇತ್ರಗಳಿಗೆ 2021ರಿಂದ ಪರಿಸರವೂ ಸೇರಿ ಏಳಾದುವು.

ಹಣ ಹೇಗೆ ಬರುತ್ತದೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಸದಸ್ಯರಲ್ಲಿಯೇ ಹಲವರಿಗೆ ಇದು ತಿಳಿಯದು. ಈ ವರ್ಷ ಸದಸ್ಯನು ವಾರ್ಷಿಕ ನಿಧಿಗೆ ಕೊಟ್ಟ ಹಣ ಈ ವರ್ಷವೇ ಖರ್ಚಾಗುವುದಿಲ್ಲ. ಮೂರು ವರ್ಷ ಅದನ್ನು ಹೂಡಿಕೆಯಲ್ಲಿಟ್ಟು, ಅದರ ಉತ್ಪತ್ತಿಯಿಂದ ಆಡಳಿತದ ವೆಚ್ಚಕ್ಕೆ ನೆರವು ಪಡೆದು, ಆ ಬಳಿಕ ಸುಮಾರು ಅರ್ಧವನ್ನು ಕೊಟ್ಟ ಜಿಲ್ಲೆಯ ವಶಕ್ಕೆ, ಉಳಿದುದನ್ನು ವಿಶ್ವನಿಧಿಗೆ ಸಲ್ಲಿಸುತ್ತಾರೆ. ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಉಡುಪಿಗಳನ್ನೊಳಗೊಂಡ ನಮ್ಮ 3182ನೆಯ ರೋಟರಿ ಜಿಲ್ಲೆಗೆ ಇಂದು ದೊರೆಯುವ ಅನುದಾನ ಮೂರು ವರ್ಷದ ಹಿಂದೆ ನಾವೇ ನೆಟ್ಟದ್ದು. ಅರಸೀಕೆರೆಯ ಕಡೆ ತೆಂಗಿನ ಸಸಿ ಹಾಕುವವನಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಫಲಕ್ಕೆ ಅವನು ಕಾಯುವುದು ಇದಕ್ಕಿಂತ ಹೆಚ್ಚು ಕಾಲ. ಈಚಿನ ವರ್ಷಗಳಲ್ಲಿ ಪ್ರತಿಷ್ಠಾನಕ್ಕೆ ಕೊಡುವುದರಲ್ಲಿ ಅಮೆರಿಕದ ಬಳಿಕ ನಮ್ಮ ದೇಶದ ಹೆಸರೇ ಬರುತ್ತಿದೆಯೆಂಬುದೂ, ಬೆಂಗಳೂರಿನ ಸದಸ್ಯರೊಬ್ಬರು 100 ಕೋಟಿ ರೂಪಾಯಿಗಳ ವಾಗ್ದಾನ ಮಾಡಿದರೆಂಬುದೂ ನಾವೆಲ್ಲರೂ ಹೆಮ್ಮೆಯಿಂದ ನೆನೆಯುವ ಸಂಗತಿಗಳು.

ಇನ್ನು ನಿಯಮಗಳು. ಅನುದಾನ ಬಯಸುವ ಸಂಘ ಮೊದಲು ಅರ್ಹತೆ ಪಡೆಯಬೇಕು. ಅನುದಾನ ನಿರ್ವಹಣೆಯ ತರಬೇತಿಗೆ ಸದಸ್ಯರನ್ನು ಕಳುಹಿಸಬೇಕು. ಒಡಂಬಡಿಕೆಯ ಪತ್ರಕ್ಕೆ ಈಗಿನ ಅಧ್ಯಕ್ಷರೂ ಮುಂದಿನ ವರ್ಷದ ಅಧ್ಯಕ್ಷರೂ, ಇಬ್ಬರೂ ರುಜು ಹಾಕಬೇಕು. ಅನುದಾನದ ಹಣಕ್ಕೆ ಪ್ರತ್ಯೇಕ ಖಾತೆಯಿದ್ದು, ಒಬ್ಬನ ರುಜುವಿಗೆ ಚೆಕ್ಕು ನಡೆಯಬಾರದು. ಭೂಮಿ ಅಥವಾ ಕಟ್ಟಡವನ್ನು ಕೊಳ್ಳುವುದಕ್ಕೂ, ಮುಗಿದುಹೋದ ಕೆಲಸದ ಬಾಕಿ ತೀರಿಸುವುದಕ್ಕೂ ಈ ಹಣ ಸಲ್ಲದು. ಸದಸ್ಯರಿಗಾಗಲಿ ಅವರ ಬಂಧುಗಳಿಗಾಗಲಿ ಇದರಿಂದ ಲಾಭವಾಗಕೂಡದು. ದಾಖಲೆಗಳನ್ನು ಕನಿಷ್ಠ 5 ವರ್ಷ ಕಾಪಾಡಬೇಕು. ಗ್ಲೋಬಲ್ ಗ್ರಾಂಟಾದರೆ ವರ್ಷಕ್ಕೊಂದು ವರದಿ, ಕೆಲಸ ಮುಗಿದ ಎರಡು ತಿಂಗಳೊಳಗೆ ಅಂತಿಮ ವರದಿ. ಊರಿಗೆ ನಿಜವಾಗಿ ಏನು ಬೇಕೆಂದು ಮೊದಲೇ ವಿಚಾರಿಸಿ ಬರೆಯಬೇಕು. ಅನುದಾನ ಮುಗಿದ ಮೇಲೆ ಆ ವಸ್ತುವನ್ನು ನೋಡಿಕೊಳ್ಳುವವರು ಯಾರೆಂಬುದನ್ನೂ ತಿಳಿಸಬೇಕು. ಈ ಕಡೆಯ ಅಂಶವನ್ನು ಮೊದಲು ಓದಿದಾಗ, ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಮಾತು ಬಸ್ತಿಹಳ್ಳಿಯಿಂದ ಎದ್ದುಬಂದು ನನ್ನ ಮೇಜಿನ ಮೇಲೆ ಕುಳಿತಂತಾಯಿತು.

ನಿಯಮದ ಬೆಲೆ ತಿಳಿಯುವುದು ಎಡವಿದಾಗ. ಕೆಲವು ವರ್ಷಗಳ ಹಿಂದೆ, ಕೊಳವೆಬಾವಿಯ ಗಡಸು ನೀರನ್ನೇ ಮಕ್ಕಳು ಕುಡಿಯುತ್ತಿದ್ದ ಒಂದು ಹಳ್ಳಿಯ ಶಾಲೆಗೆ ನೀರು ಶುದ್ಧಿಮಾಡುವ ಯಂತ್ರವನ್ನು ಹಾಕಿಸಿದೆವು. ಕೆಲಸ ಚೆನ್ನಾಗಿಯೇ ಆಯಿತು. ಫೋಟೋ ತೆಗೆದೆವು, ಸಿಹಿ ಹಂಚಿದೆವು. ವರ್ಷಾಂತ್ಯದಲ್ಲಿ ಲೆಕ್ಕ ಕೂಡಿಸುವಾಗ, ಪೈಪು ಮತ್ತು ಸಿಮೆಂಟಿನ ಬಿಲ್ಲು ಸಂಘದ ಹೆಸರಿನಲ್ಲಿರದೆ ಅದನ್ನು ತಂದ ಸದಸ್ಯರ ಹೆಸರಿನಲ್ಲಿತ್ತು. ಅವರು ಸ್ವಂತ ಗಾಡಿಯಲ್ಲಿ ಹೋಗಿ, ಸ್ವಂತ ಹಣ ಕೊಟ್ಟು ಸಾಮಾನು ತಂದವರು. ಅವರ ಪ್ರಾಮಾಣಿಕತೆಯನ್ನು ಸಂಶಯಿಸುವವರು ಯಾರೂ ಇರಲಿಲ್ಲ. ಆದರೂ ಆಗ ನಮ್ಮ ಖಜಾಂಚಿಯಾಗಿದ್ದ ನಿವೃತ್ತ ಮೇಷ್ಟರು ಆ ಬಿಲ್ಲನ್ನು ಬದಿಗಿಟ್ಟರು. ಸಭೆಯಲ್ಲಿ ಮಾತು ಸ್ವಲ್ಪ ಬಿಸಿಯಾಯಿತು. "ಮೇಷ್ಟ್ರೇ, ನೀರು ಬರ್ತಾ ಇದೆಯಲ್ಲ, ಮಕ್ಕಳು ಕುಡೀತಾ ಇದಾರಲ್ಲ, ಇನ್ನೇನು ಬೇಕು?" ಎಂದು ಒಬ್ಬರು ಕೇಳಿದರು. ಮೇಷ್ಟರು ಎದ್ದು ನಿಂತು, "ನೀರು ನಮಗೆ ಕಾಣುತ್ತೆ. ದುಡ್ಡು ಕಳಿಸಿದೋರಿಗೆ ಕಾಣೋದು ಈ ಕಾಗದ ಒಂದೇ" ಎಂದು ಹೇಳಿ ಕುಳಿತರು. ಆ ಮೊತ್ತವನ್ನು ಸದಸ್ಯರೆಲ್ಲರೂ ಕೂಡಿಸಿ ಕೊಟ್ಟು, ಅನುದಾನದ ಲೆಕ್ಕದಿಂದ ಅದನ್ನು ತೆಗೆದುಹಾಕಿದೆವು. ತಪ್ಪು ನಮ್ಮೆಲ್ಲರದು, ಬಿಲ್ಲಿನ ಮೇಲೆ ಯಾರ ಹೆಸರು ಬರೆಸಬೇಕೆಂದು ಅವರಿಗೆ ನಾವು ಹೇಳಿಯೇ ಇರಲಿಲ್ಲ.

ಅದಾದ ಮೇಲೆ ಮೇಷ್ಟರು ಒಂದು ಕ್ರಮವನ್ನು ಬಳಕೆಗೆ ತಂದರು. ಯಾವ ಕೆಲಸಕ್ಕಾದರೂ ಮೂರು ಕೊಟೇಷನ್. ಗಾರೆಯವನ ಕೂಲಿಗೂ ವೋಚರು. ವೋಚರಿನ ಹಿಂಬದಿಯಲ್ಲಿ ಹಣ ಕೊಟ್ಟಾಗ ಎದುರಿಗಿದ್ದವರ ರುಜು. ಓದು ಬಾರದ ಒಬ್ಬ ಗಾರೆಯ ಮುದುಕ, "ಸ್ವಾಮಿ, ದುಡ್ಡು ಕೈ ಸೇರೈತಲ್ಲ, ಎಬ್ಬೆಟ್ಟು ಯಾಕೆ?" ಎಂದು ಕೇಳಿದ್ದನು. ಮೇಷ್ಟರು ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಈ ಹಣ ತಮ್ಮದೂ ಅಲ್ಲ, ಸಂಘದ್ದೂ ಅಲ್ಲ, ಮುಖ ಕಾಣದ ಯಾರೋ ನಿಮ್ಮ ಊರ ಮಕ್ಕಳಿಗಾಗಿ ಕೊಟ್ಟದ್ದು, ಅದು ನಿಮ್ಮ ಕೂಲಿಯಾಗಿ ಸೇರಿತೆಂದು ಅವರಿಗೆ ತಿಳಿಯಬೇಡವೆ ಎಂದು ನಿಧಾನವಾಗಿ ಹೇಳಿದರು. ಮುದುಕ ಹೆಬ್ಬೆರಳಿನ ಸಿಮೆಂಟನ್ನು ಪಂಚೆಗೆ ಒರೆಸಿಕೊಂಡು ಗುರುತು ಒತ್ತಿದನು. ಆ ವೋಚರು ಇನ್ನೂ ನಮ್ಮಲ್ಲಿದೆ. ನೀಲಿ ಮಸಿಯ ಗುರುತಿನ ಅಂಚಿನಲ್ಲಿ ಸಿಮೆಂಟಿನ ಬೂದಿ ಅಂಟಿಕೊಂಡಿದೆ.

ಸಾರ್ವಜನಿಕ ಹಣದ ವಿಷಯದಲ್ಲಿ ಇಷ್ಟು ಸೂಕ್ಷ್ಮ ಅತಿಯಾಯಿತೆನ್ನುವವರಿದ್ದಾರೆ. ತಮಗೆ ಸನ್ಮಾನದಲ್ಲಿ ಬಂದ ನಿಧಿಯನ್ನು ತಾವು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಪ್ಪಿಸಿದ ಡಿ. ವಿ. ಗುಂಡಪ್ಪನವರ ನಾಡಿನಲ್ಲಿ ಈ ಆಕ್ಷೇಪಕ್ಕೆ ಬೇರೆ ಉತ್ತರ ಬೇಕಿಲ್ಲ.

ಪ್ರತಿ ಜೂನ್ 30: ಪೆಟ್ಟಿಗೆ

ಸ್ವಯಂಸೇವಾ ಸಂಘದ ದೊಡ್ಡ ಗುಣವೂ ದೊಡ್ಡ ತೊಡಕೂ ಒಂದೇ: ಪದಾಧಿಕಾರಿಗಳು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಜೂನ್ 30ಕ್ಕೆ ರೋಟರಿಯ ವರ್ಷ ಮುಗಿದು ಜುಲೈ 1ಕ್ಕೆ ಹೊಸ ತಂಡ ಬರುತ್ತದೆ. ಪದಗ್ರಹಣಕ್ಕೆ ಹಾರವೂ ಭಾಷಣವೂ ಉಂಟು. ಆದರೆ ಅನುದಾನಕ್ಕೆ ವರ್ಷದ ಎಲ್ಲೆಯಿಲ್ಲ. ಒಬ್ಬ ಅಧ್ಯಕ್ಷರ ಕಾಲದಲ್ಲಿ ಅರ್ಜಿ ಹೋಗಿ, ಇನ್ನೊಬ್ಬರ ಕಾಲದಲ್ಲಿ ಹಣ ಬಂದು, ಮೂರನೆಯವರ ಕಾಲದಲ್ಲಿ ವರದಿ ಹೋಗುತ್ತದೆ. ಮೊದಲನೆಯವರಿಗೆ ಗೊತ್ತಿದ್ದುದು ಮೂರನೆಯವರಿಗೆ ಗೊತ್ತಿರುವುದಿಲ್ಲ. ಗೊತ್ತಿರುವುದು ಕಾಗದಕ್ಕೆ ಮಾತ್ರ. ನಮ್ಮ ಕಡೆಯ ಸಂಘಗಳಲ್ಲಿ ಅನುದಾನದ ಕೆಲಸ ಸೊರಗಿದ್ದರೆ ಅದು ಹಣದ ಕೊರತೆಯಿಂದಾದುದಕ್ಕಿಂತ ಈ ಹಸ್ತಾಂತರದ ಸಡಿಲಿನಿಂದ ಆದುದೇ ಹೆಚ್ಚೆಂದು ನನ್ನ ದೃಢವಾದ ಅಭಿಪ್ರಾಯ.

ನಮ್ಮಲ್ಲಿ ಇದಕ್ಕಾಗಿ ಒಂದು ತಗಡಿನ ಪೆಟ್ಟಿಗೆಯಿದೆ. ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋಗಿದೆ. ಮುಚ್ಚಳದ ಒಳಗಡೆ ಫೈಲುಗಳ ಪಟ್ಟಿ ಅಂಟಿಸಿದೆ. ಒಂದೊಂದು ಅನುದಾನಕ್ಕೆ ಒಂದೊಂದು ಫೈಲು. ಅರ್ಜಿ, ಮಂಜೂರಾತಿ, ಪಾಸ್‌ಬುಕ್ಕಿನ ನಕಲು, ಕೊಟೇಷನ್ನುಗಳು, ಬಿಲ್ಲು, ವೋಚರು, ಫೋಟೋ, ಶಾಲೆಯವರು ಕೊಟ್ಟ ಸ್ವೀಕೃತಿ ಪತ್ರ, ಹೀಗೆ ಕ್ರಮವಾಗಿ. ಕಂಪ್ಯೂಟರಿನಲ್ಲಿಯೂ ಎಲ್ಲವೂ ಉಂಟು, ವರದಿಗಳು ಹೋಗುವುದೂ ಈಗ ಅದರಲ್ಲಿಯೇ. ಆದರೂ ಪೆಟ್ಟಿಗೆಯನ್ನು ಬಿಡಲು ಯಾರಿಗೂ ಮನಸ್ಸಿಲ್ಲ. ಐದು ವರ್ಷ ಕಾಪಾಡಿದರೆ ಸಾಕೆಂದು ಒಡಂಬಡಿಕೆ ಹೇಳಿದರೂ ಅದಕ್ಕಿಂತ ಹಳೆಯವೂ ಅದರ ತಳದಲ್ಲಿವೆ.

ಈಚೆಗೆ ಒಮ್ಮೆ ಆ ಪೆಟ್ಟಿಗೆ ಹಳೇಬೀಡಿನಿಂದ ಬೇಲೂರು ರಸ್ತೆಯ ಹೊಸ ಖಜಾಂಚಿಯ ಮನೆಗೆ ಆಟೋದಲ್ಲಿ ಹೋದಾಗ ನಾನೂ ಜೊತೆಗಿದ್ದೆ. ಬೇಲೂರು ಹಳೇಬೀಡುಗಳ ಹೊಯ್ಸಳ ದೇವಾಲಯಗಳಿಗೆ ವಿಶ್ವಪರಂಪರೆಯ ಮನ್ನಣೆ ಸಿಕ್ಕ ಮೇಲೆ, ಎಂದರೆ 2023ರಿಂದೀಚೆಗೆ, ಆ ರಸ್ತೆಯಲ್ಲಿ ವಾಹನಗಳು ಹೆಚ್ಚಾಗಿದ್ದರೂ, ಅಂದು ಜೋರು ಮಳೆಯಿದ್ದುದರಿಂದ ದಾರಿ ಬಿಡುವಾಗಿತ್ತು. ಪೆಟ್ಟಿಗೆಯ ಮೇಲೆ ಮೇಷ್ಟರು ತಮ್ಮ ಕೊಡೆಯನ್ನೇ ಅಡ್ಡ ಹಿಡಿದು ಕುಳಿತಿದ್ದರು. ಅವರ ಹೆಗಲು ತೊಯ್ದಿತ್ತು. ಹೊಸ ಖಜಾಂಚಿ ಎಳೆಯ ವಯಸ್ಸಿನ ಹೆಣ್ಣುಮಗಳು, ಔಷಧಿ ಅಂಗಡಿ ನಡೆಸುವವರು. ಜಗಲಿಯ ಮೇಲೆ ಪೆಟ್ಟಿಗೆ ತೆರೆದು, ಮುಚ್ಚಳದ ಪಟ್ಟಿ ನೋಡಿ, ಒಂದೊಂದೇ ಫೈಲನ್ನು ತೆಗೆದು, ಹಾಳೆ ಎಣಿಸಿ, ಪುಸ್ತಕದಲ್ಲಿ ಬರೆದುಕೊಂಡು ರುಜು ಹಾಕಿದರು. ಮುಗಿಯುವ ಹೊತ್ತಿಗೆ ದೀಪ ಹಚ್ಚಿದ್ದರು. ಮೇಷ್ಟರು ಜನಿವಾರಕ್ಕೆ ಕಟ್ಟಿಕೊಂಡಿದ್ದ ಬೀಗದ ಕೈಯನ್ನು ಬಿಚ್ಚಿ ಅವರ ಅಂಗೈಯಲ್ಲಿಟ್ಟು, ಪುಸ್ತಕವನ್ನು ಮತ್ತೆ ಅವರ ಕಡೆಗೆ ತಿರುಗಿಸಿದರು.

"ಇದಕ್ಕೂ ಒಂದು ರುಜು ಹಾಕಮ್ಮ."